ನರ ಎಬ್ಬಿಸುವ ಪುಡಿ

ದಿನವೂ ಬೆಳಿಗ್ಗೆ ಕೈಗಡಿಯಾರ ಕಟ್ಟಿಕೊಳ್ಳುವಾಗ ನನ್ನ ಎಡ ಮುಂಗೈಯ ಮೇಲೆ, ಮಣ್ಣು ಕೊಚ್ಚಿಹೋದ ಮೇಲೆ ಕಾಣುವ ಬೇರಿನಂತೆ, ನೀಲಿ ನರವೊಂದು ಉಬ್ಬಿ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಅರವತ್ತು ದಾಟಿದವನಿಗೆ ಅದು ಪುಕ್ಕಟೆ ಸಿಕ್ಕ ಆಭರಣ. ಇದೇ ಆಭರಣಕ್ಕಾಗಿ ತರುಣರು ತಪಸ್ಸು ಮಾಡುತ್ತಾರೆಂಬುದು ನನಗೆ ತಿಳಿದದ್ದು, ನಾವು ಶ್ರೀರಾಂಪುರದ ಹೊಸ ಮನೆಗೆ ಬಂದ ವರ್ಷ, ತಂಗಿಯ ಮಗ ಮಹೇಶ ದಸರೆಯ ದೇಹದಾರ್ಢ್ಯ ಸ್ಪರ್ಧೆಗೆಂದು ನಮ್ಮಲ್ಲಿ ಬಂದು ಉಳಿದಾಗ.

“ಮಾವ, ಈ ನರ ನಂಗ್ ಕೊಟ್ಬುಡಿ, ಫಸ್ಟ್ ಪ್ರೈಜ್ ನಂದೇ,” ಎಂದು ನನ್ನ ಕೈ ಹಿಡಿದು ಆಸೆಪಡುತ್ತಿದ್ದ.

ನಮ್ಮ ಕಾಲದ ಗರಡಿಯಲ್ಲಿ ಕೆಮ್ಮಣ್ಣು, ಹಾಲು, ಬಾದಾಮಿ ಇಷ್ಟರಲ್ಲೇ ಮೋಕ್ಷ ಕಾಣಬೇಕಿತ್ತು. ನಾನಂತೂ ಒಂದು ವಾರ ಹೋಗಿ ಬಾದಾಮಿಯ ಭಾಗವನ್ನಷ್ಟೇ ಶ್ರದ್ಧೆಯಿಂದ ಸಾಧಿಸಿದವನು. ಮಹೇಶನದು ಮಂಡಿ ಮೊಹಲ್ಲಾದ ಜಿಮ್ಮಿನವರು ತರಿಸಿಕೊಟ್ಟ, ಕಿತ್ತಳೆ ರುಚಿಯ ಪುಡಿ. ಅದರೊಳಗಿನ ಅರ್ಜಿನಿನ್ ಎಂಬ ವಸ್ತುವಿನಿಂದ ದೇಹ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ, ಆ ಅನಿಲ ರಕ್ತನಾಳವನ್ನು ಸಡಿಲಿಸುತ್ತದೆ, ಸಡಿಲಿಸಿದ ನಾಳದಲ್ಲಿ ರಕ್ತ ನುಗ್ಗಿ ತೋಳು ಉಬ್ಬುತ್ತದೆ ಎಂದು ಅವನು ಪುರಾಣ ಹೇಳಿದಾಗ, ನಾನು ತಲೆದೂಗಿ, ನಂಬದೆ, ಮರೆತೆ.

ನನ್ನ ಹೆಂಡತಿ ಸಾವಿತ್ರಿಯ ಕಣ್ಣು ಬಿದ್ದದ್ದು ಪುಡಿಯ ಮೇಲಲ್ಲ, ತೋಳು ಮಡಿಚಿದ ಜಟ್ಟಿಯೊಬ್ಬನ ಚಿತ್ರವಿದ್ದ, ತಿರುಪು ಮುಚ್ಚಳದ ಆ ದೊಡ್ಡ ಪ್ಲಾಸ್ಟಿಕ್ ಡಬ್ಬದ ಮೇಲೆ. ನಮ್ಮ ಅಡುಗೆಮನೆಯ ಸ್ಟೀಲು ಡಬ್ಬಗಳೆಲ್ಲ ಒಂದೇ ಅಳತೆಯವು. ಅವುಗಳ ಮೇಲೆ ಹೆಸರು ಬರೆಯುವುದು ಅವಳ ಜ್ಞಾಪಕಶಕ್ತಿಗೆ ಅಪಮಾನ. ದಸರೆಗೆ ಮುಂಚೆ ಡಬ್ಬ ತೊಳೆಯುವ ದಿನ ಅವಳು ಹುಣಸೆಹಣ್ಣನ್ನು ಜಟ್ಟಿಯ ವಶಕ್ಕೆ ಕೊಟ್ಟು, ಪುಡಿಯನ್ನು ಸ್ಟೀಲು ಡಬ್ಬವೊಂದಕ್ಕೆ ಸುರಿದು, ಎಂದಿನ ಕಿತ್ತಳೆ ಗ್ಲೂಕೋಸಿನ ಜಾಗದಲ್ಲಿಟ್ಟಳು.

ಅದೇ ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದ ನನಗೆ ಎದೆ ಹಿಡಿದಂತಾಯಿತು. ಹೃದಯದ ತೊಂದರೆಗೆಂದು ಡಾಕ್ಟರು ಕೊಟ್ಟಿದ್ದ, ವರ್ಷಗಳಿಂದ ಜೇಬಿನಲ್ಲೇ ಇರುವ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟೆ, ನೋವು ಇಳಿಯಿತು. ಸುಸ್ತು ಕಳೆಯಲೆಂದು ಎಂದಿನ ಜಾಗದ ಡಬ್ಬಕ್ಕೆ ಕೈಹಾಕಿ, ನಾಲ್ಕು ಚಮಚ ಪುಡಿಯನ್ನು ನೀರಿಗೆ ಕದಡಿ ಕುಡಿದೆ. ಅರ್ಧ ಗಂಟೆಯಾಗಿರಬಹುದು, ಮುಖ ಬಿಸಿಯಾಯಿತು, ಎದ್ದು ನಿಂತೆ, ನೆಲವೇ ಎದ್ದು ನನ್ನ ಬಳಿ ಬಂತು.

ಮಹೇಶ ನನ್ನನ್ನು ಮಗುವಿನಂತೆ ಎತ್ತಿಕೊಂಡು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಓಡಿದನಂತೆ.

“ಅತ್ತೆ, ಮಾವ ಏನ್ ಕುಡುದ್ರು?”

“ಗ್ಲೂಕೋಸ್ ಕಣೋ, ಮೂಲೇಲಿ ಇತ್ತಲ್ಲ.”

“ಅದು ನನ್ ಪುಡಿ ಕಣತ್ತೆ, ಬೆಳಿಗ್ಗೆ ನೀವೇ ಅಲ್ಲಿಟ್ರಲ್ಲ.”

ಹಾಸಿಗೆಯನ್ನು ಕಾಲಿನ ಕಡೆ ಎತ್ತರಿಸಿ, ಬಾಟಲಿ ಏರಿಸಿ, ನಾನು ಕಣ್ಣು ಬಿಟ್ಟ ಮೇಲೆ ಡಾಕ್ಟರು ಹೇಳಿದರು: “ನಿಮ್ಮ ಮಾತ್ರೆ ಒಳಗೆ ಹೋಗಿ ಕೊಡೋದೂ ಅದೇ ಅನಿಲ ಕಣ್ರೀ. ಒಂದರ ಮೇಲೊಂದು ಬಿದ್ದು ಬಿಪಿ ಪಾತಾಳ ಕಂಡಿದೆ. ಸ್ವಲ್ಪ ತಡ ಆಗಿದ್ರೆ ನಾನೀಗ ನಿಮ್ಮ ಹತ್ರ ಅಲ್ಲ, ನಿಮ್ಮ ಮನೆಯೋರ ಹತ್ರ ಮಾತಾಡ್ತಿದ್ದೆ.”

ನನ್ನ ಹೃದಯವನ್ನು ಉಳಿಸುವುದೂ ಅವನ ತೋಳನ್ನು ಮೆರೆಸುವುದೂ ಒಂದೇ ಉಸಿರೆಂದಾದರೆ, ಜೇಬಿನಲ್ಲಿ ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದಾದರೂ ಏನನ್ನು?

ಡಾಕ್ಟರು ಮಹೇಶನ ಕಡೆ ತಿರುಗಿದರು. “ನಿಂಗೆ ಬೇಕಾದ್ದನ್ನ ನಿನ್ನ ಮೈಯೇ ಮಾಡ್ಕೊಳುತ್ತಪ್ಪ. ಪುಡಿಯಿಂದ ಹೆಚ್ಚು ಲಾಭ ಏನೋ, ನಂಗಂತೂ ಖಾತ್ರಿ ಇಲ್ಲ.”

ಅವನಿಗೆ ಅದು ಕೇಳಿಸಿದಂತಿರಲಿಲ್ಲ. ನನ್ನ ಮುಂಗೈಯ ನೀಲಿ ನರವನ್ನೇ ಒತ್ತಿ ಹಿಡಿದು, ಆ ಭಾರಿ ಭುಜಗಳು ನಡುಗುತ್ತಿರಲು, “ಡಾಕ್ಟ್ರೇ, ನಾಡಿ ಸಿಗ್ತಾನೇ ಇಲ್ಲ,” ಎಂದು ಅಳುತ್ತಿದ್ದ. ಡಾಕ್ಟರು ನನ್ನ ಕೈಯನ್ನು ಮಗುಚಿ, ಹೆಬ್ಬೆರಳಿನ ಬುಡದ ಕೆಳಗೆ, ಏನೂ ಕಾಣದ ಕಡೆ, ಅವನ ಬೆರಳನ್ನು ಇಟ್ಟರು. ಅವನ ಅಳು ನಿಂತಿತು.

ಆ ವರ್ಷ ಅವನು ಪುಡಿಯಿಲ್ಲದೆ ವೇದಿಕೆಯೇರಿ, ಬಹುಮಾನವಿಲ್ಲದೆ ಇಳಿದ. ನಮ್ಮ ಡಬ್ಬಗಳಿಗೆಲ್ಲ ಹೆಸರು ಬರೆದ ಚೀಟಿ ಅಂಟಿಸಿ ಹೋದ. ಸಾವಿತ್ರಿ ತುಟಿ ಬಿಗಿದುಕೊಂಡು ಸಹಿಸಿದಳು, ಜಟ್ಟಿಯ ಡಬ್ಬವನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಾನು ಈಗಲೂ ಬೆಳಿಗ್ಗೆ ಗಡಿಯಾರ ಕಟ್ಟುವಾಗ ನೀಲಿ ನರವನ್ನು ನೋಡುತ್ತೇನೆ. ಆಮೇಲೆ ಕೈ ಮಗುಚಿ, ಏನೂ ಕಾಣದ ಆ ಕಡೆಗೆ ಬೆರಳಿಟ್ಟು, ಒಂದು ಗಳಿಗೆ ಕಾಯುತ್ತೇನೆ.