ಮೇರಿಯ ಹಬ್ಬಕ್ಕೆ ಅತ್ತಿಯ ಕೊಂಬೆ

ಚೌಡಮ್ಮ ನಮ್ಮ ಹೊಲಕ್ಕೆ ಕೋಸು ಕಡಿಯಲು ಬರುವವಳು. ನಾನು ಮದುವೆಯಾಗಿ ಜೀರಹಳ್ಳಿ ಕಡೆಯ ಈ ಊರಿಗೆ ಬಂದಾಗಿನಿಂದ ಅವಳನ್ನು ನೋಡುತ್ತಿದ್ದೇನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಂಡ ತೀರಿಹೋದ ಮೇಲೆ ಒಬ್ಬನೇ ಮಗ ನಿಂಗರಾಜುವನ್ನು ಕೂಲಿ ಮಾಡಿಯೇ ಸಾಕಿದಳು. ಬದುವಿನ ಮೇಲೆ ಕುಳಿತು ಉಣ್ಣುವಾಗಲೂ ಮೊದಲ ತುತ್ತನ್ನು ಮಾದಪ್ಪನಿಗೆಂದು ಎತ್ತಿಟ್ಟೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ನಾನು ಕಂಡ ಭಕ್ತಿಯಲ್ಲಿ ಅದೂ ಒಂದು.

ನಿಂಗರಾಜು ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆ ಹೋದವನು, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಆರೋಕ್ಯಮೇರಿಯನ್ನು ರಿಜಿಸ್ಟರ್ ಮದುವೆ ಮಾಡಿಕೊಂಡು ಊರಿಗೆ ಬಂದ. ಚಪ್ಪರವಿಲ್ಲ, ವಾಲಗವಿಲ್ಲ. ಹುಡುಗಿಯ ತಾಯಿ ಮೊದಲೇ ತೀರಿಕೊಂಡಿದ್ದರು. ಉಳಿದವರು, ಇನ್ನು ಈ ಕಡೆ ತಲೆ ಹಾಕಬೇಡ ಎಂದುಬಿಟ್ಟರು. ಇಲ್ಲಿ ಸಿಟ್ಟಾದವನು ಚೌಡಮ್ಮನ ತಮ್ಮ ಚಿಕ್ಕಮಾದ. ತನ್ನ ಮಗಳು ಸಂಗೀತಳನ್ನು ಅಕ್ಕನ ಮಗನಿಗೇ ಕೊಡುವುದೆಂದು ಅವನು ಹುಡುಗಿ ಹುಟ್ಟಿದಾಗಲೇ ಅಂದುಕೊಂಡಿದ್ದ. ಮೇರಿ ಬಂದ ದಿನದಿಂದ ಅವನು ಅಕ್ಕನ ಹೊಸಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ಬೇಲಿ ಕಡೆ ಮುಖ ತಿರುಗಿಸಿ ನಡೆಯುತ್ತಿದ್ದ.

ನಿಂಗರಾಜು ಇಲ್ಲಿ ತರಕಾರಿ ವ್ಯಾನು ಓಡಿಸಲು ಸೇರಿದ. ಅವನು ಮನೆಯಲ್ಲಿರುವುದೇ ಕಡಿಮೆ. ಮೇರಿ ಬಸುರಿ. ನೀರು ತರುತ್ತಿದ್ದಳು, ಮುದ್ದೆ ತಿರುವುವುದನ್ನೂ ಕಲಿತಳು, ಆದರೆ ಮಾತಿಲ್ಲ, ನಗುವಿಲ್ಲ. ನಾವು ಮಾತಾಡಿಸಿದರೆ ತಮಿಳು ಬೆರೆಸಿ ಎರಡು ಮಾತು ಹೇಳಿ ಒಳಗೆ ಹೋಗುತ್ತಿದ್ದಳು.

ಹೋದ ಡಿಸೆಂಬರಿನ ಒಂದು ಬೆಳಗ್ಗೆ ಚೌಡಮ್ಮ ಕೋಸಿನ ಸಾಲಿನಲ್ಲಿ ಕುಡುಗೋಲು ಹಿಡಿದು ಸುಮ್ಮನೆ ಕುಳಿತಿದ್ದಳು. ಅವಳು ಸುಮ್ಮನೆ ಕೂರುವವಳಲ್ಲ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳೇ ಬಾಯಿ ಬಿಟ್ಟಳು.

“ನೆನ್ನೆ ಮೇರಿ ತಾಳವಾಡಿ ಚರ್ಚಿಗೆ ಓಗ್ ಬಂದವ, ಅಬ್ಬಕ್ಕೆ ತಿರುಪ್ಪೂರಿಗೆ ಓಯ್ತಿನಿ ಅತ್ತೆ ಅಂದ್ಲು ಕಣವ್ವ. ಮೊದ್ಲು ಇದ್ದ ಕಂಪ್ನಿ ಆಸ್ಟಲಲ್ಲಿ ಗೆಳತೀರು ಅವರಂತೆ. ಯಾವಾಗ ಬತ್ತೀಯೆ ಮಗ ಅಂದ್ರೆ, ಇರೋ ಬಟ್ಟೆನೆಲ್ಲ ಬ್ಯಾಗಿಗೆ ತುಂಬ್ತಾವಳೆ. ಓದ್ರೆ ಅವ ಬರಕ್ಕಿಲ್ಲ.”

“ನಿಂಗರಾಜು ಏನಂದ?”

“ಅಂವೇನಂದಾನು! ನಾಕು ದಿನ ಇದ್ದು ಬರ್ಲಿ ಬುಡವ್ವ ಅಂತನ. ಅವನಿಗೆ ಕೋಸಿನ ಮೂಟೆ ಗೊತ್ತು, ಎಂಗಸ್ರ ಮನಸ್ ಗೊತ್ತಾ?”

ಅವರ ಮನೆಯಲ್ಲಿ ಹಬ್ಬ ಹೇಗೆ ಮಾಡುತ್ತಾರಂತೆ ಎಂದು ಕೇಳಿದೆ. ಮನೆಯೊಳಗೆ ಒಂದು ಮರ ಇಡುತ್ತಾರೆ, ಅವಳವ್ವ ಇರುವ ತನಕ ಇಡುತ್ತಿದ್ದರು ಎಂದು ಮೇರಿ ಒಮ್ಮೆ ಹೇಳಿದ್ದಳಂತೆ. ಹೇಳುತ್ತಾ ಹೇಳುತ್ತಾ ಚೌಡಮ್ಮನೇ ಎದ್ದು ನಿಂತಳು. “ನಾನೇ ಮರ ತಂದು ಮಡಗ್ತೀನಿ. ಅದ್ಯಾಕೆ ಓದಾಳು, ನೋಡ್ತೀನಿ.”

ಮಾರನೆಯ ದಿನ ಸೆರಗಿನ ಗಂಟಿನಲ್ಲಿ ಮುನ್ನೂರು ರೂಪಾಯಿ ಕಟ್ಟಿಕೊಂಡು ಬಸ್ಸು ಹತ್ತಿ ತಾಳವಾಡಿಗೆ ಹೋದಳು. ಫ್ಯಾನ್ಸಿ ಅಂಗಡಿಯ ಮಹದೇವಪ್ರಸಾದ್ ಮೂಲೆಯಲ್ಲಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಮರ ತೋರಿಸಿ ಆರುನೂರೈವತ್ತು ಎಂದ.

“ಏನಮ್ಮ, ಚರ್ಚಿಗೆ ಸೇರ್ಕಂಡ್ರಾ?” ಎಂದು ನಕ್ಕನಂತೆ.

“ನಾ ಎಲ್ಲೂ ಸೇರಿಲ್ಲಪ್ಪ. ನನ್ ಸೊಸೆ ನಮ್ಮಟ್ಟಿಗೆ ಸೇರವಳೆ. ಇದ ಯಾತಕ್ಕೆ ನೆಡೋದು, ಅದ ಯೇಳು.”

“ಅವರ ದೇವರು ಹುಟ್ಟಿದ ದಿನ ಅಲ್ವಾ, ಒಳ್ಳೇದಾಗಲಿ ಅಂತ.”

ಅಷ್ಟು ಸಾಕಾಯಿತು. ನಮ್ಮ ಕಡೆ ಶುಭಕ್ಕೆ ನೆಡುವ ಮರ ಒಂದೇ, ಹಾಲುಗಂಬ. ಮದುವೆಯ ಚಪ್ಪರ ಹಾಕುವಾಗ ಕಡಿದರೆ ಹಾಲು ಬರುವ ಮರದ ಕೊಂಬೆ ತಂದು ಮೊದಲು ಅದನ್ನು ನೆಡಬೇಕು. ಚೌಡಮ್ಮ ಪ್ಲಾಸ್ಟಿಕ್ ಎಲೆಯನ್ನು ಉಜ್ಜಿ ನೋಡಿ, ಇದರಲ್ಲಿ ಹಾಲೆಲ್ಲಿ ಬರುತ್ತದೆ, ಪಾಪ, ಪೇಟೆಯವರಿಗೆ ಮರ ಸಿಕ್ಕದೆ ಇದನ್ನು ಮಾಡಿಕೊಂಡಿದ್ದಾರೆ ಎಂದುಕೊಂಡಳು. ಇದ್ದ ದುಡ್ಡಿಗೆ ಕಾಗದದ ಒಂದು ದೊಡ್ಡ ನಕ್ಷತ್ರ, ಮಿಂಚುವ ಗುಂಡುಗಳ ಒಂದು ಪೊಟ್ಟಣ ಕೊಂಡು, ಮಿಕ್ಕಿದ್ದರಲ್ಲಿ ಸೊಸೆಗೆ ಬನ್ನು ಕಟ್ಟಿಸಿಕೊಂಡು ಬಂದಳು.

ಬಂದವಳು ನೇರ ನಮ್ಮ ಮನೆಗೆ ಬಂದಳು. “ನಿಮ್ಮ ಒಲದ ಬದಿನಲ್ಲಿ ಅತ್ತಿಮರ ಅದಲ್ಲವ್ವ, ಒಂದ್ ಕೊಂಬೆ ಕೊಡ್ತೀರಾ?” ನಾನು ಟೀವಿಯಲ್ಲಿ ಕ್ರಿಸ್ಮಸ್ ಮರ ನೋಡಿದ್ದೆ. ಅದಕ್ಕೂ ಅತ್ತಿಗೂ ಸಂಬಂಧವಿಲ್ಲ ಎಂದು ಗೊತ್ತಿತ್ತು. ಆದರೆ ಅವಳ ಮುಖ ನೋಡಿದ ಮೇಲೆ ಹೇಳಬೇಕು ಅನಿಸಲಿಲ್ಲ. ಮಾವನವರನ್ನು ಕೇಳಿದೆ. “ದೇವರ ಕೆಲಸಕ್ಕೆ ತಾನೆ, ಕಡಕಳ್ಳಿ” ಎಂದರು.

ಹಾಲುಗಂಬವನ್ನು ಯಾರೆಂದರೆ ಅವರು ಕಡಿಯುವಂತಿಲ್ಲ. ಸೋದರಮಾವನೇ ಮಚ್ಚು ಹಾಕಬೇಕು. ಚೌಡಮ್ಮ ವರ್ಷದ ಮೇಲೆ ತಮ್ಮನ ಮನೆ ಬಾಗಿಲಿಗೆ ಹೋದಳು. ಒಬ್ಬಳೇ ಹೋಗಲು ಅಂಜಿ ನನ್ನನ್ನೂ ಕರೆದುಕೊಂಡಳು.

“ಏನಕ್ಕ, ದಾರಿ ತಪ್ತಾ?” ಎಂದ ಚಿಕ್ಕಮಾದ, ಕೂತಲ್ಲಿಂದ ಏಳದೆ.

“ತಪ್ಪಿಲ್ಲ ಕಣ್ಲಾ. ಆಲುಗಂಬ ಕಡೀಬೇಕು, ಏಳು.”

“ಯಾರ ಮದುವ?”

“ಮದುವ ಅಲ್ಲ. ಮೇರಿಯ ದೇವ್ರು ಉಟ್ಟಿದ ಅಬ್ಬ.”

“ಸರಿಯಾಯ್ತು! ನನ್ ಮಗಳ ಚಪ್ರಕ್ಕೆ ನೆಡೋ ಕಂಬವ ಅವಳ ದೇವ್ರಿಗೆ ನಾ ಕಡ್ಕೊಡ್ಬೇಕಾ? ಅವಳ ಸೋದರಮಾವ್ನ ಕರ್ಸ್ಕೊಳ್ಳಿ, ಓಗು.”

“ಅವಳಿಗೆ ಯಾರವ್ರಲಾ? ಇದ್ದವ್ರು ಬಾಗಿಲಾಕ್ಕಂಡವ್ರೆ. ನಿಂಗನಿಗೆ ಇರೋ ಸೋದರಮಾವ ನೀನೊಬ್ಬ. ಬ್ಯಾರೆಯವ್ರು ಕಡದ್ರೆ ಅದು ಕಂಬ ಅಲ್ಲ, ಸೌದೆ.” ಚೌಡಮ್ಮ ತಮ್ಮನ ಎದುರಿಗೇ ಕುಕ್ಕರುಗಾಲಲ್ಲಿ ಕುಳಿತಳು. “ಬಸುರಿ ಎಂಗ್ಸು ಬ್ಯಾಗ್ ಕಟ್ಟವಳೆ ಕಣೋ. ಅವ ಓದ್ರೆ ನನ್ನಟ್ಟಿ ಬರಿದಾಯ್ತದ.”

ಒಳಗಿನಿಂದ ಸಂಗೀತ ಮಚ್ಚು ಹಿಡಿದು ಬಂದಳು.

“ಓಗಪ್ಪ. ನನ್ ಎಸರೇಳ್ಕಂಡು ಎಷ್ಟ್ ದಿನ ಮುಖ ಊದಿಸ್ಕಂಡಿದ್ದಯ್ಯಾ? ನಂಗೇನ್ ನಿಂಗರಾಜ್ ಬಾವನೇ ಬೇಕಿತ್ತಾ? ಊಟ ಮಾಡ್ತಾ ಮಾಡ್ತಾನೇ ನಿದ್ದೆ ಒಡೀತನ.”

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮಾದ ಮಗಳನ್ನು ಗುರಾಯಿಸಿದ, ಆದರೆ ಮಚ್ಚು ತೆಗೆದುಕೊಂಡ.

ಮರದ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಒಂದು ಲೋಟ ಹಾಲು ಎರೆದೆವು. ಚಿಕ್ಕಮಾದ ಕೈಮುಗಿದು ಕೊಂಬೆಗೆ ಮಚ್ಚು ಹಾಕಿದ. ಕಡಿದ ಕಡೆ ಬೆಳ್ಳಗೆ ಹಾಲು ಒಸರಿತು. ನೆಲಕ್ಕೆ ತಾಗಿಸದೆ ಹೆಗಲಿಗೇರಿಸಿಕೊಂಡು ನಡೆದವನು ಅಕ್ಕನ ಮನೆಯ ಹೊಸಿಲ ಮುಂದೆ ಬಂದು ನಿಂತುಬಿಟ್ಟ.

ಮೇರಿ ಹೊರಗೆ ಬಂದಳು. ಕೊಂಬೆ ನೋಡಿದಳು, ನಕ್ಷತ್ರ ಹಿಡಿದು ನಿಂತಿದ್ದ ಅತ್ತೆಯನ್ನು ನೋಡಿದಳು.

“ನಿನ್ ಮರ ಕಣ್ ಮಗ, ಅಬ್ಬಕ್ಕೆ” ಎಂದಳು ಚೌಡಮ್ಮ.

ಮೇರಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಹೊರಗೆ ಬಂದೇ ಬಂತು. ಅವಳು ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗಲೇ. “ಅಯ್ಯೋ ಅತ್ತೆ, ಈ ಮರ ಅಲ್ಲ! ಅದು ಸವುಕ್ಕು ಮರ, ನೀವು ಸರ್ವೆ ಅಂತೀರಲ್ಲ. ಎಲೆ ಸೂಜಿ ಹಾಗೆ ಇರುತ್ತೆ.”

“ಅದರಲ್ಲಿ ಆಲು ಬತ್ತದ?”

“ಇಲ್ಲ.”

“ಆಲಿಲ್ಲದ ಮರವ ಒಳ್ಳೇದಕ್ಕೆ ಎಂಗ್ ನೆಟ್ಟರು ನಿಮ್ಮವ್ರು?”

“ಎಲೆ ಇಚಾರ ಆಮೇಲ್ ಮಾತಾಡ್ಕಳಿ” ಎಂದು ಚಿಕ್ಕಮಾದ ಹೊರಗಿನಿಂದಲೇ ಗದರಿದ. “ಬುಜ ನೋಯ್ತದ. ಒಳಕ್ಕೆ ಬರ್ಲಾ, ಬ್ಯಾಡ್ವಾ?”

ಇವರು ಯಾರು ಎನ್ನುವಂತೆ ಮೇರಿ ನನ್ನ ಕಡೆ ನೋಡಿದಳು. ನಾನು ಮೆಲ್ಲಗೆ ಹೇಳಿದೆ: “ನಿನ್ನ ಗಂಡನ ಸೋದರಮಾವ. ನಮ್ಮಲ್ಲಿ ಮದುವೆ ಚಪ್ಪರಕ್ಕೆ ಇದೇ ಕೊಂಬೆ ನೆಡೋದು. ಇವರೇ ಕಡಿದು ತರಬೇಕು. ನಿಮ್ಮ ಮದುವೆಗೆ ಯಾರೂ ತಂದಿರಲಿಲ್ಲವಲ್ಲ.”

ಅವಳ ನಗು ನಿಂತಿತು. ಕಣ್ಣೊರೆಸಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

“ಒಳಗೆ ಬನ್ನಿ ಮಾಮ” ಎಂದಳು.

ಚಿಕ್ಕಮಾದ ತಲೆ ತಗ್ಗಿಸಿ ಒಳಗೆ ಹೋದ. ನಾನು ಅಂಗಳದಲ್ಲೇ ನಿಂತು ದೇವರಿಗೆ ಕೈಮುಗಿದೆ. ಯಾವ ದೇವರಿಗೆ ಎಂದು ಆಗ ಯೋಚಿಸಲಿಲ್ಲ.

ಪೇಂಟಿನ ಹಳೆಯ ಬಕೆಟ್ಟಿಗೆ ಮಣ್ಣು ತುಂಬಿ ಕೊಂಬೆ ನಿಲ್ಲಿಸಿದರು. ಚೌಡಮ್ಮ ನವಧಾನ್ಯವನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಬುಡಕ್ಕೆ ಬಿಗಿದಳು, ಮೇರಿ ಮೇಲೆ ನಕ್ಷತ್ರ ಕಟ್ಟಿದಳು. ಸಂಜೆ ಅವಳು ಹಾಸ್ಟೆಲ್ಲಿಗೆ ಫೋನು ಮಾಡಿ, ತಾನು ಬರುವುದಿಲ್ಲ, ಬೇಕಾದರೆ ನೀವೇ ದಿಂಬಂ ಘಾಟಿ ಹತ್ತಿ ಬನ್ನಿ ಎಂದಳಂತೆ. ಇದನ್ನು ಚೌಡಮ್ಮ ನನಗೆ ಮೂರು ಸಲ ಹೇಳಿದಳು.

ಹಬ್ಬದ ಬೆಳಗ್ಗೆ ನಾನು ಕಜ್ಜಾಯ ತೆಗೆದುಕೊಂಡು ಹೋದಾಗ ಅತ್ತಿಯ ಎಲೆಗಳೆಲ್ಲ ಜೋತುಬಿದ್ದಿದ್ದವು. ಚೌಡಮ್ಮ ಪೆಚ್ಚಾಗಿ ನೀರು ಚಿಮುಕಿಸುತ್ತಿದ್ದಳು. “ಪರವಾಗಿಲ್ಲ ಅತ್ತೆ, ನಕ್ಷತ್ರ ಇದೆಯಲ್ಲ” ಎಂದು ಮೇರಿ ಸಮಾಧಾನ ಮಾಡುತ್ತಿದ್ದಳು.

ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮಿದ ಸದ್ದು. ಚಿಕ್ಕಮಾದ ಹಸಿಯಾದ ಇನ್ನೊಂದು ಕೊಂಬೆ ಹೊತ್ತು ನಿಂತಿದ್ದ, ಹಿಂದೆ ಸಂಗೀತ. ಅವರನ್ನು ಯಾರೂ ಕರೆದಿರಲಿಲ್ಲ.

“ಬಾಡ್ತದ ಅಂತ ಗೊತ್ತಿತ್ತು” ಎನ್ನುತ್ತಾ ಈ ಸಲ ಯಾರನ್ನೂ ಕೇಳದೆ ಒಳಗೆ ನಡೆದ. ಮೇರಿ ಕಾಫಿಗೆ ಇಟ್ಟ ಪಾತ್ರೆಗೆ ಇನ್ನೆರಡು ಲೋಟ ನೀರು ಸುರಿದಳು.