ಚಕ್ಕಡಿಯಂತೆ ತುಂಬಿದ ಟ್ರೈಲರ್

2023ರ ಬೇಸಗೆಯಲ್ಲಿ ನಾನು ಕಡಲಾಚೆ, ವಿಟ್ಬಿ ಎಂಬ ಊರಿನ ಒಂದು ಟ್ರೈಲರ್ ಅಂಗಡಿಯಲ್ಲಿ ಡೆಲಿವರಿ ಇನ್‌ಸ್ಪೆಕ್ಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸಣ್ಣದು. ಗಿರಾಕಿ ಕೊಂಡ ಟ್ರಾವೆಲ್ ಟ್ರೈಲರನ್ನು, ಅಂದರೆ ಹಾಸಿಗೆ, ಒಲೆ, ಕಕ್ಕಸು ಎಲ್ಲವೂ ಇರುವ ಗಾಲಿಯ ಮೇಲಿನ ಮನೆಯನ್ನು, ಅವನ ಪಿಕಪ್ ಟ್ರಕ್ಕಿಗೆ ಜೋಡಿಸಬೇಕು. ದೀಪ, ಬ್ರೇಕು, ಸರಪಳಿ ನೋಡಬೇಕು. ಕೊನೆಗೆ ಒಂದು ಫಾರಮ್ಮಿಗೆ ಸಹಿ ಹಾಕಿ ಕಳಿಸಬೇಕು. ಮೈಸೂರಿನಲ್ಲಿ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಕಳೆದು ಬಂದಿದ್ದ ನನಗೆ ಅದು ಕಷ್ಟದ ಕೆಲಸವೇನೂ ಆಗಿರಲಿಲ್ಲ.

ಕಷ್ಟವಿದ್ದದ್ದು ನನ್ನ ಸ್ವಭಾವದಲ್ಲಿ. ಮನೆಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಕಾರು ಹತ್ತಿದ ಮೇಲೆ ಇಳಿದು ಬಂದು ನಾಲ್ಕನೆಯ ಸಲ ಜಗ್ಗುವ ಜಾತಿ ನನ್ನದು. ರಿಚ್ಮಂಡ್ ಹಿಲ್‌ನ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿದರೆ ನಾನು ಕಾರಿನ ಕಿಟಕಿ ಮುಚ್ಚಿದೆನೇ ಎಂದು ಯೋಚಿಸುತ್ತಿರುತ್ತೇನೆ. ಇಂಥವನು ಒಂದು ಗುರುವಾರ ಬೆಳಿಗ್ಗೆ ಎಲ್ಲ ಚಿಂತೆಯನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡು, ಹಲ್ಲು ಕಿರಿದು, ಸಹಿ ಹಾಕಿದ. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅದು ಆಗಸ್ಟ್ ತಿಂಗಳ ಲಾಂಗ್ ವೀಕೆಂಡಿನ, ಅಂದರೆ ಸೋಮವಾರವೂ ಸೇರಿ ಮೂರು ದಿನ ರಜೆಯ, ಹಿಂದಿನ ಗುರುವಾರ. ಗಿರಾಕಿಯ ಹೆಸರು ಗುರುನಾಥ. ಧಾರವಾಡದವರು, ಮಾರ್ಕಮ್‌ನಲ್ಲಿ ಮನೆ, ಒಂದು ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್. ಇಪ್ಪತ್ತೇಳು ಅಡಿಯ ಹಳೆಯ ಟ್ರೈಲರೊಂದನ್ನು ನಮ್ಮಲ್ಲಿ ಕೊಂಡಿದ್ದರು. ಆ ಶನಿವಾರ ಅವರ ಕಡೆಯ ಎಂಟು ಮನೆಯವರು ಸೇರಿ ಕಿಂಗ್‌ಸ್ಟನ್ ಆಚೆಯ ಒಂದು ಪಾರ್ಕಿಗೆ ಕ್ಯಾಂಪಿಂಗ್ ಹೊರಟಿದ್ದರು. ಎಲ್ಲರ ಅಡುಗೆಯ ಜವಾಬ್ದಾರಿ ಇವರದು. ನನ್ನ ಹೆಸರು ನೋಡಿದ್ದೇ ತಡ, ಅವರ ಮುಖ ಅರಳಿತು.

“ಸರ್ರ, ನೀವು ಕನ್ನಡದವ್ರು ಅಂತ ಗೊತ್ತಾದಮ್ಯಾಲೆ ನನಗಿನ್ನ ಚಿಂತೀನ ಇಲ್ಲ ನೋಡ್ರಿ.”

ಅವರ ಪಾಲಿನ ಚಿಂತೆಯೂ ನನಗೇ ಬಂತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಓದುಗರು ಸಹಿಸಿಕೊಳ್ಳಬೇಕು. ಅವರದು ಹಾಫ್-ಟನ್ ಪಿಕಪ್. ಹೆಸರು ಹಳೆಯ ಕಾಲದ್ದು. ಈಗಿನ ಗಾಡಿಗಳು ಅರ್ಧ ಟನ್ನಿಗಿಂತ ಹೆಚ್ಚೇ ಹೊರುತ್ತವೆ. ಅಂಗಡಿಯ ಮಾಲೀಕ ಗ್ಲೆನ್ ತಾನೇ ನಿಂತು ಈ ವ್ಯಾಪಾರ ಮಾಡಿದ್ದ. ‘ನಿನ್ನ ಟ್ರಕ್ಕು ಹನ್ನೊಂದು ಸಾವಿರ ಪೌಂಡ್ ಎಳೆಯುತ್ತದೆ, ಈ ಟ್ರೈಲರ್ ಖಾಲಿ ಇದ್ದಾಗ ಆರು ಸಾವಿರವೂ ಇಲ್ಲ, ಇನ್ನೇನು ಯೋಚನೆ’ ಎಂದಿದ್ದ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಎಳೆಯುವ ಶಕ್ತಿ ಒಂದು, ಹೊರುವ ಶಕ್ತಿ ಇನ್ನೊಂದು. ಹೊರುವುದಕ್ಕೆ ಪೇಲೋಡ್ ಎನ್ನುತ್ತಾರೆ. ಅದರ ಅಂಕಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಹಳದಿ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಗುರುನಾಥರ ಟ್ರಕ್ಕಿನ ಚೀಟಿಯಲ್ಲಿ ಇದ್ದದ್ದು 1,480 ಪೌಂಡ್. ಒಳಗೆ ಕೂರುವ ಜನ, ಹಿಂದೆ ಹೇರುವ ಸಾಮಾನು, ಕೊಂಡಿಯ ಕಬ್ಬಿಣ, ಎಲ್ಲಕ್ಕಿಂತ ಮುಖ್ಯವಾಗಿ ಟ್ರೈಲರಿನ ಮೂತಿ ಆ ಕೊಂಡಿಯ ಮೇಲೆ ಒರಗಿ ಹೇರುವ ಭಾರ, ಇಷ್ಟೂ ಅದರೊಳಗೇ ಬರಬೇಕು. ಮೂತಿಯ ಭಾರಕ್ಕೆ ಟಂಗ್ ವೇಟ್ ಎಂದು ಹೆಸರು. ಅದು ತುಂಬಿದ ಟ್ರೈಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಇರಲೇಬೇಕು. ಕಡಿಮೆಯಾದರೆ ಟ್ರೈಲರ್ ವೇಗದಲ್ಲಿ ಅತ್ತಿತ್ತ ಓಲಾಡಲು ಶುರುಮಾಡುತ್ತದೆ.

ಅವರದು ಐದು ಜನರ ಸಂಸಾರ. ಗುರುನಾಥ, ಹೆಂಡತಿ ಸುನಂದಾ, ತಾಯಿ ಗಂಗವ್ವ, ಹದಿನಾರರ ಮಗಳು, ಹದಿಮೂರರ ಮಗ. ಎಲ್ಲರ ತೂಕ ಸೇರಿ 690. ಕೊಂಡಿ 90. ಟ್ರಕ್ಕಿನ ಹಿಂಬದಿಯಲ್ಲಿ ಕುರ್ಚಿ, ಐಸ್ ಪೆಟ್ಟಿಗೆ 150. ಉಳಿದದ್ದು 550. ಖಾಲಿ ಟ್ರೈಲರಿನ ಮೂತಿಯೇ 720 ಪೌಂಡ್ ತೂಗುತ್ತಿತ್ತು. ಒಂದು ಚಮಚ ಅಕ್ಕಿ ಹಾಕುವ ಮೊದಲೇ ಲೆಕ್ಕ ಮೀರಿತ್ತು. ಭಾರ ಹಂಚುವ ಸರಳುಗಳ ಕೊಂಡಿಯನ್ನು ನಾನೇ ಹಾಕಿದ್ದೆ. ಆದರೆ ಅದು ಭಾರವನ್ನು ಮುಂದಿನ ಗಾಲಿಗಳಿಗೂ ಹಂಚುತ್ತದೆ ಅಷ್ಟೇ, ಟ್ರಕ್ಕಿಗೆ ಹೊಸ ಬೆನ್ನೆಲುಬು ಕೊಡುವುದಿಲ್ಲ.

ಗ್ಲೆನ್‌ಗೆ ಹೇಳಿದೆ. ಗಿರಾಕಿಯನ್ನು ಹೆದರಿಸಬೇಡ, ಎಲ್ಲರೂ ಹೀಗೇ ಎಳೆಯುತ್ತಾರೆ ಎಂದು ಬೆನ್ನು ತಟ್ಟಿದ. ಗುರುನಾಥರಿಗೂ ಹೇಳಿದೆ. ಹೇಗೆ ಹೇಳಿದೆ ಎನ್ನುವುದೇ ನಾಚಿಕೆಗೇಡು. ಅಷ್ಟು ಹೊತ್ತಿಗೆ ಅವರು ಮುಂದಿನ ಭಾನುವಾರ ರೊಟ್ಟಿ ಊಟಕ್ಕೆ ನಮ್ಮ ಮನೆಯವರನ್ನೆಲ್ಲ ಕರೆದಾಗಿತ್ತು. ನಾನು ಹಳದಿ ಚೀಟಿ ತೋರಿಸಿ, ‘ಸ್ವಲ್ಪ ಜಾಸ್ತಿ ಆಗಬಹುದು ಸರ್, ಇಬ್ಬರು ಬೇರೆ ಕಾರಿನಲ್ಲಿ ಬಂದರೆ ಒಳ್ಳೆಯದು, ನೋಡಿಕೊಂಡು ನಿಧಾನಕ್ಕೆ ಹೋಗಿ’ ಎಂದೆ. ಬೀಗರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳುವ ಧಾಟಿಯಲ್ಲಿ. ಅವರು ‘ಅಡ್ಜಸ್ಟ್ ಮಾಡ್ಕೊಂತೀವಿ ಬಿಡ್ರಿ’ ಎಂದು ನಕ್ಕರು. ನಾನೂ ನಕ್ಕೆ. ಸಹಿ ಹಾಕಿದೆ.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತೂವರೆಗೆ ಫೋನು ನೋಡಿದರೆ ಮುಕ್ಕಾಲು ಗಂಟೆಯ ಹಿಂದೆ ಗುರುನಾಥ ಒಂದು ಫೋಟೊ ಕಳಿಸಿದ್ದರು. ಜೊತೆಗೆ ಸಂದೇಶ: ಸಾಮಾನು ತುಂಬಿದ ಮೇಲೆ ಟ್ರಕ್ಕಿನ ಹಿಂಭಾಗ ಕುಸಿದಿತ್ತು, ಈಗ ಸರಿ ಮಾಡಿದೆವು, ಗಾಡಿ ಸಮ ನಿಂತಿದೆ, ಹೊರಟೆವು. ಫೋಟೊದಲ್ಲಿ ಟ್ರಕ್ಕು ಮದುವಣಿಗನ ಹಾಗೆ ನೆಟ್ಟಗೆ ನಿಂತಿತ್ತು. ಐದು ಜನ, ಎಂಟು ಮನೆಯ ದಿನಸಿ, ಆದರೂ ಕುಸಿದಿಲ್ಲ ಎಂದರೆ ಭಾರ ಎಲ್ಲಿ ಹೋಯಿತು? ಒಂದೇ ಉತ್ತರ. ಟ್ರೈಲರಿನ ಬಾಲಕ್ಕೆ. ಮೂತಿ ಹಗುರಾಗಿದೆ.

ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಹೆಂಗಸಿನ ದನಿ.

“ಸರ್, ನಾನು ಸುನಂದಾ. ಅವ್ರು ಗಾಡಿ ಹೊಡ್ಯಾಕತ್ಯಾರ. ಹಿಂದಿಂದು ಯಾಕೋ ಬಾಲ ಅಳ್ಳಾಡಿಸಿದಂಗ ಮಾಡಾಕತ್ತೈತ್ರಿ.”

ಎಲ್ಲಿದ್ದೀರಿ ಎಂದೆ. 401 ಹೆದ್ದಾರಿಯಲ್ಲಿ, ಬೋಮನ್‌ವಿಲ್ ದಾಟಿ ಇಳಿಜಾರಿನಲ್ಲಿ. ಸ್ಪೀಕರ್ ಹಾಕಲು ಹೇಳಿದೆ. ಹಾಕಿದ ಮರುಕ್ಷಣವೇ ಭಾರೀ ಲಾರಿಯೊಂದು ಪಕ್ಕದಲ್ಲಿ ಹಾದುಹೋದ ಸದ್ದು ಕೇಳಿಸಿತು. ಆಮೇಲೆ ಮಗಳ ಕಿರುಚಾಟ, ಏನೋ ಉರುಳಿ ಬಿದ್ದ ಶಬ್ದ. ಲಾರಿ ತಳ್ಳಿದ ಗಾಳಿಗೆ ಟ್ರೈಲರ್ ತೂಗಲು ಶುರುವಾಗಿತ್ತು. ಅದು ಒಮ್ಮೆ ಶುರುವಾದರೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದು. ಕೊನೆಗೆ ಟ್ರಕ್ಕನ್ನೇ ಎಳೆದುಕೊಂಡು ಮಗುಚುತ್ತದೆ.

“ಬ್ರೇಕ್ ಹಾಕ್ಲೇನ್ರಿ?” ಗುರುನಾಥರ ದನಿ ಗುರುತೇ ಸಿಗದಂತಾಗಿತ್ತು.

“ಬ್ರೇಕ್ ಮುಟ್ಟಬೇಡಿ. ಆಕ್ಸಿಲರೇಟರಿಂದ ಕಾಲು ತೆಗೀರಿ. ಸ್ಟಿಯರಿಂಗ್ ನೆಟ್ಟಗೆ ಹಿಡ್ಕೊಳ್ಳಿ, ತಿರುಗಿಸಬೇಡಿ. ಮೇಡಂ, ಸ್ಟಿಯರಿಂಗ್ ಬಲಗಡೆ ಕೆಳಗೆ ಕಪ್ಪು ಡಬ್ಬಿ ಇದೆ, ಅದಕ್ಕೊಂದು ಸಣ್ಣ ಹಿಡಿ ಇದೆ. ಅದನ್ನ ಒತ್ತಿ. ಒತ್ತಿ ಹಿಡ್ಕೊಳ್ಳಿ. ಬಿಡಬೇಡಿ.”

ಆ ಡಬ್ಬಿ ಬ್ರೇಕ್ ಕಂಟ್ರೋಲರ್. ಅದರ ಹಿಡಿ ಒತ್ತಿದರೆ ಟ್ರಕ್ಕಿನ ಬ್ರೇಕು ಬೀಳದೆ ಟ್ರೈಲರಿನ ಬ್ರೇಕಷ್ಟೇ ಬೀಳುತ್ತದೆ. ಹಿಂದಿನದು ತಡೆದು ಜಗ್ಗುವುದರಿಂದ ಎರಡೂ ಒಂದೇ ಗೆರೆಗೆ ಬರುತ್ತವೆ. ಟ್ರಕ್ಕಿನ ಬ್ರೇಕನ್ನು ಗಾಬರಿಯಿಂದ ತುಳಿದರೆ ಮುಂದಿನದು ತಡೆಯುತ್ತದೆ, ಹಿಂದಿನದು ತಳ್ಳುತ್ತದೆ, ಕಥೆ ಮುಗಿಯುತ್ತದೆ. ಇದನ್ನು ಗುರುವಾರ ನಾನು ವಿವರಿಸಿದ್ದೆ, ರೊಟ್ಟಿ ಊಟದ ಮಾತಿನ ನಡುವೆ.

ಸುನಂದಾ ಒತ್ತಿದರು. ಫೋನಿನಲ್ಲಿ ಗಾಳಿಯ ಸದ್ದು, ಹಿಂದಿನ ಸೀಟಿನಲ್ಲಿ ಯಾರೋ ಬಿಕ್ಕುವ ಸದ್ದು. ಕೊನೆಗೆ ಸುನಂದಾ, “ನಿಂತಿತ್ರಿ ಅಳ್ಳಾಡೂದು,” ಎಂದರು. “ಹಿಡಿ ಬಿಡ್ಲೇನ್ರಿ? ಕೈ ಬರವಲ್ದು.”

ಮುಂದಿನ ಎಕ್ಸಿಟ್ಟಿನಲ್ಲಿ ಹೆದ್ದಾರಿಯಿಂದ ಅರವತ್ತರ ವೇಗದಲ್ಲಿ ಇಳಿದು, ಸಿಕ್ಕ ಮೊದಲ ಕಾಫಿ ಅಂಗಡಿಯ ಪಾರ್ಕಿಂಗಿನಲ್ಲಿ ನಿಲ್ಲಿಸಲು ಹೇಳಿದೆ. ಗ್ಲೆನ್ ‘ಎಲ್ಲಿಗೆ’ ಎಂದು ಕೂಗುತ್ತಿದ್ದಂತೆ ಮೂತಿ ತೂಗುವ ತಕ್ಕಡಿ ಎತ್ತಿಕೊಂಡು ಕಾರು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಗ್ಲೆನ್‌ಗೆ ಬೈದೆ, ಗುರುನಾಥರಿಗೆ ಬೈದೆ, ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ ಎನ್ನುವ ನಮ್ಮ ಇಡೀ ಕುಲಕ್ಕೆ ಬೈದೆ. ಕನ್ನಡಿಯಲ್ಲಿ ಕಂಡವನಿಗೆ ಎಲ್ಲರಿಗಿಂತ ಹೆಚ್ಚು ಬೈದೆ.

ಅವರು ಐವರೂ ಟ್ರೈಲರಿನ ನೆರಳಿನಲ್ಲಿ ನಿಂತಿದ್ದರು. ಸುನಂದಾ ಬಲಗೈಯನ್ನು ಎಡಗೈಯಲ್ಲಿ ನೀವಿಕೊಳ್ಳುತ್ತಿದ್ದರು. ನಾನು ಯಾರನ್ನೂ ಮಾತಾಡಿಸದೆ ತಕ್ಕಡಿ ಇಟ್ಟೆ. 290 ಪೌಂಡ್. ಟ್ರೈಲರಿನ ಒಟ್ಟು ತೂಕ ಏಳು ಸಾವಿರ ದಾಟಿರಬೇಕು. ಅಂದರೆ ನೂರಕ್ಕೆ ನಾಲ್ಕು. ಒಳಗೆ ಹೋಗಿ ನೋಡಿದೆ. ಹಿಂತುದಿಯಲ್ಲಿ ಮಕ್ಕಳು ಮಲಗುವ ಮಂಚಗಳ ಕೆಳಗೆ ಅಕ್ಕಿ, ಬೇಳೆ, ಕಲ್ಲಿನ ಗ್ರೈಂಡರು, ಎಂಟು ಮನೆಗಾಗುವ ಪಾತ್ರೆ, ಕಬ್ಬಿಣದ ಒಲೆ. ಗಾಲಿಗಳ ಹಿಂದಿದ್ದ ಟ್ಯಾಂಕಿನಲ್ಲಿ ಇನ್ನೂರು ಲೀಟರ್ ನೀರು. ಪಾರ್ಕಿನ ನೀರು ಅಜ್ಜಿಗೆ ಆಗುವುದಿಲ್ಲವೆಂದು ಮನೆಯ ನಲ್ಲಿಯಿಂದ ತುಂಬಿಸಿದ್ದು.

ಹೊರಗೆ ಬಂದು, ಸಾಮಾನು ಹಿಂದಕ್ಕೆ ಹಾಕಿದ್ದು ಯಾರು ಎಂದು ಕೇಳಿದೆ. ಗುರುನಾಥ ನೆಲ ನೋಡಿದರು. ಎಪ್ಪತ್ತೈದರ ಗಂಗವ್ವ ಸೆರಗು ಬಿಗಿದುಕೊಂಡು ಮುಂದೆ ಬಂದರು.

“ನಾನ ಹಾಕಿಸೀನಿ. ನಿಮ್ಮ ಗಾಡಿ ಕುಂಡಿ ಊರಿ ಕುಂತಿತ್ತು. ಎತ್ತಿನ ಹೆಗಲಿಗೆ ಭಾರ ಹತ್ತಬಾರದು, ನೊಗ ಹಗುರ ಇರಬೇಕು. ಮೂವತ್ತು ವರ್ಷ ಚಕ್ಕಡಿ ತುಂಬಿಸೀನಿ ತಮ್ಮಾ, ಒಂದೂ ಮಗಚಿಲ್ಲ.”

ಆಕೆ ಹೇಳಿದ್ದು ಚಕ್ಕಡಿಗೆ ನೂರಕ್ಕೆ ನೂರು ಸರಿ. ಎರಡು ಗಾಲಿ, ಮುಂದೆ ಜೀವಂತ ಎತ್ತು, ಗಂಟೆಗೆ ನಾಲ್ಕು ಕಿಲೋಮೀಟರ್. ಎತ್ತಿನ ನೋವು ಬಲ್ಲವರು ಹಾಗೇ ತುಂಬುತ್ತಾರೆ. ಗೋದಾಮಿನಲ್ಲಿ ದಿನವೂ ಸಾಮಾನು ಹೇರಿಸುವ ಮಗ, ಪುಸ್ತಕ ಓದುವ ಮೊಮ್ಮಗಳು, ಇಬ್ಬರಿಗೂ ಅದು ಸರಿಯೆನಿಸಿತ್ತು. ನನಗೆ ಅದೆಲ್ಲ ಹೊಳೆದದ್ದು ಆಮೇಲೆ. ಆಗ ಹೊಳೆದದ್ದು ಸಿಟ್ಟು ಮಾತ್ರ.

“ಅಮ್ಮಾ, ನಿಮ್ಮ ಎತ್ತು ನಡೀತಿತ್ತು. ಇದು ನೂರಹತ್ತರಲ್ಲಿ ಓಡುತ್ತೆ. ಮೂತಿ ಹಗುರಾದ್ರೆ ಬಾಲ ಇದನ್ನ ಆಡಿಸುತ್ತೆ. ಇನ್ನೆರಡು ಸಲ ಆಡಿಸಿದ್ರೆ ಈ ಎರಡು ಮಕ್ಕಳನ್ನ ರಸ್ತೆಯಿಂದ ಎತ್ತಬೇಕಾಗಿತ್ತು.” ಗುರುನಾಥರ ಕಡೆ ತಿರುಗಿದೆ. “ನಿಮಗೆ ಚೀಟಿ ತೋರಿಸಿದ್ದೆ. ಕಣ್ಣು ಎಲ್ಲಿತ್ತು? ಸಾಮಾನು ಮುಂದೆ ಹಾಕಿದ್ರೆ ಟ್ರಕ್ಕು ಸಾಯುತ್ತೆ, ಹಿಂದೆ ಹಾಕಿದ್ರೆ ನೀವು ಸಾಯ್ತೀರಿ. ಐದು ಜನ ಕೂತು ಇದನ್ನ ಎಳೆಯೋಕೆ ಈ ಟ್ರಕ್ಕಿಂದ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ.”

ಕಾಫಿ ಅಂಗಡಿಯವರು ಕಿಟಕಿಯಿಂದ ನೋಡುತ್ತಿದ್ದರು. ಗಂಗವ್ವ ನನ್ನನ್ನು ಒಂದು ಗಳಿಗೆ ಮೇಲಿನಿಂದ ಕೆಳಗೆ ನೋಡಿದರು.

“ಇಷ್ಟು ಸಿಟ್ಟು ಬೇಸ್ತವಾರ ಎಲ್ಲಿ ಇಟ್ಟಿದ್ದೆಪಾ? ನಕ್ಕೊಂತ ಕೈ ಕುಲುಕಿ ಕಳಿಸಿದ್ರು ಅಂತ ಇವ ಹೇಳಿದ. ಅವತ್ತ ಹಿಂಗ ಬೈದಿದ್ರ ಕೇಳತಿದ್ವಿ.”

ನಾನು ತಕ್ಕಡಿ ಬದಿಗಿಟ್ಟು ಟ್ರೈಲರಿನ ಕೆಳಗೆ ಬಗ್ಗಿದೆ.

ಟ್ಯಾಂಕಿನ ನೀರನ್ನು ಅಲ್ಲೇ ಹುಲ್ಲಿಗೆ ಹರಿಯಬಿಟ್ಟೆವು. ಹಿಂದೆ ಬರುತ್ತಿದ್ದ ಎರಡು ಮನೆಯವರ ವ್ಯಾನುಗಳನ್ನು ಕರೆಸಿ, ಗಂಗವ್ವನನ್ನೂ ಮಕ್ಕಳನ್ನೂ ಅರ್ಧ ದಿನಸಿಯನ್ನೂ ಅವುಗಳಿಗೆ ದಾಟಿಸಿದೆವು. ಉಳಿದ ಭಾರದ ವಸ್ತುಗಳನ್ನು ಗಾಲಿಗಳ ಮುಂದಕ್ಕೆ ತಂದೆವು. ಮೂತಿ 810 ತೋರಿಸಿತು, ಒಟ್ಟು ತೂಕದ ನೂರಕ್ಕೆ ಹನ್ನೆರಡರ ಹತ್ತಿರ. ಇಬ್ಬರೇ ಕೂತ ಟ್ರಕ್ಕು ಅದನ್ನು ಹೊರಬಲ್ಲದು. ಸರಳುಗಳನ್ನು ಮತ್ತೆ ಬಿಗಿದು, ತೊಂಬತ್ತು ದಾಟಬೇಡಿ ಎಂದೆ. ಈ ಸಲ ನಗಲಿಲ್ಲ. ಗುರುನಾಥರೂ ನಗಲಿಲ್ಲ. ರೊಟ್ಟಿ ಊಟದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮಂಗಳವಾರ ಗ್ಲೆನ್ ಎದುರು ನಿಂತು, ಪೇಲೋಡ್ ಮೀರಿದ ಗಾಡಿಗೆ ಇನ್ನು ನಾನು ಸಹಿ ಹಾಕುವುದಿಲ್ಲ ಎಂದೆ. ಏನೂ ಆಗಲಿಲ್ಲವಲ್ಲ ಎಂದ. ಆ ಮಾತು ಕೇಳಿ ಬಂದ ಸಿಟ್ಟಿಗೆ ಹೋಲಿಸಿದರೆ ಪಾರ್ಕಿಂಗಿನಲ್ಲಿ ಬಂದದ್ದು ಏನೂ ಅಲ್ಲ. ಏನೂ ಆಗದಿದ್ದದ್ದು ಒಬ್ಬ ಹೆಂಗಸು ಕೈ ಸೋತರೂ ಹಿಡಿ ಬಿಡದಿದ್ದುದರಿಂದ. ತಿಂಗಳೊಳಗೆ ಆ ಕೆಲಸ ಬಿಟ್ಟೆ. ಬಿಟ್ಟೆನೋ ಬಿಡಿಸಿದರೋ, ಗ್ಲೆನ್ ಬೇರೆ ಕಥೆ ಹೇಳಬಹುದು.

ನನ್ನ ಕೆಲಸ ಕೊಂಡಿ ಹಾಕುವುದು ಎಂದುಕೊಂಡಿದ್ದೆ. ಅಲ್ಲ, ಬೇಡ ಎನ್ನುವುದು. ನಾಲ್ಕು ಸಲ ಬೀಗ ಜಗ್ಗುವವನ ಚಿಂತೆ ಅವನ ಹೊಟ್ಟೆಯಲ್ಲೇ ಉಳಿದರೆ ಅದರಿಂದ ಅವನಿಗೆ ಆಸಿಡಿಟಿ ಬರುತ್ತದೆ, ಬೇರೆ ಯಾರ ಜೀವವೂ ಉಳಿಯುವುದಿಲ್ಲ. ಹೊಸ ಅಂಗಡಿಗೆ ಸೇರಿದ ಎರಡನೆಯ ವಾರ ಐದು ಜನರ ಒಂದು ಸಂಸಾರಕ್ಕೆ, ಪೇಲೋಡ್ ಮೀರುತ್ತದೆಂದು, ಟ್ರೈಲರ್ ಜೋಡಿಸಿಕೊಡಲು ಒಪ್ಪಲಿಲ್ಲ. ಆ ಮನುಷ್ಯ ನನ್ನ ಮೇಲೆ ಲಿಖಿತ ದೂರು ಕೊಟ್ಟ: ಸಿಡುಕ, ಗಿರಾಕಿಗಳೊಂದಿಗೆ ಮಾತಾಡಲು ಬಾರದವನು. ಬಾಗಿಲು ದಡಾರನೆ ಹಾಕಿಕೊಂಡು, ಟ್ರೈಲರ್ ಇಲ್ಲದ ಟ್ರಕ್ಕಿನಲ್ಲಿ, ಉಳಿದ ನಾಲ್ವರನ್ನೂ ಕೂರಿಸಿಕೊಂಡು ಮನೆಗೆ ಹೋದ. ಹೋಗಿ ಮುಟ್ಟಿದ.