ಟಪಾಲು ಡಬ್ಬಿಗೆ ದೊಡ್ಡ ಕೀಲಿ ಹಾಕುವುದಿಲ್ಲ

ನನ್ನ ಟಪಾಲು ಡಬ್ಬಿಯ ಕೀಲಿಯನ್ನು ನಾನು ಬದಲಿಸುವುದಿಲ್ಲ. ಆ ಬೀಗ ಶೇಂಗಾಕಾಯಿಯಷ್ಟಿದೆ, ಹೆಂಡತಿಯ ಹೇರ್‌ಪಿನ್ನಿಗೂ ಬಾಯಿ ಬಿಡುತ್ತದೆ, ಗೊತ್ತು. ಆದರೂ ಬದಲಿಸುವುದಿಲ್ಲ.

ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ನವನಗರಕ್ಕೆ ಬಂದ ನಮಗೆಲ್ಲ ಗೇಟು ಬಂತು, ಗೇಟಿಗೊಂದು ತಗಡಿನ ಡಬ್ಬಿ ಬಂತು. ‘ಹಳೇ ಊರಾಗ ಕೀಲಿ ಅನ್ನೋದ ಇರಲಿಲ್ಲ’ ಎಂದು ಓಣಿಯವರು ನಿಟ್ಟುಸಿರಿಡುತ್ತಾರೆ. ನನಗೂ ಹಾಗೇ ನೆನಪು. ಆದರೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನಿಗೆ ಸಾಕ್ಷಿಯಿಲ್ಲದ ನೆನಪು ಜೀರ್ಣವಾಗುವುದಿಲ್ಲ. ಕೀಲಿಯೇ ಇಲ್ಲದ ಊರಲ್ಲಿ ನಮ್ಮಜ್ಜನ ಉಡದಾರಕ್ಕೆ ಜೋತುಬಿದ್ದದ್ದು ಏನು?

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಸೀರೆ ವ್ಯಾಪಾರಿ ಹುಸೇನಸಾಬರು ಮನೆಮಂದಿಯೊಂದಿಗೆ ಇಳಕಲ್ಲಿಗೆ ಮದುವೆಗೆ ಹೋಗಿದ್ದರು. ಸಂಜೆ ಅವರ ಫೋನು ಬಂತು.

“ಸರ, ನಮ್ಮ ಶಬಾನಾನ ಗೆಳತಿಗೆ ಟೀಚರ್ ಕೆಲಸದ ಇಂಟರ್‌ವ್ಯೂ ಕಾರ್ಡ್ ಬಂದೈತಂತ. ನಾಳೇನ ಐತಿ. ನಮ್ಮ ಡಬ್ಬಿ ಕೀಲಿ ಒಡದ ನೋಡ್ರಿ. ಮಗಳ ಕಾರ್ಡ್ ಇದ್ರ ಈಗ ಬಸ್ ಹತ್ತತೇವಿ.”

ಸುತ್ತಿಗೆ ಹಿಡಿದು ಹೋದೆ. ಹೊಡೆಯುವ ಮೊದಲು ನನ್ನದೇ ಕೀಲಿಕೈ ತೂರಿಸಿದೆ. ಪ್ರಯೋಗಕ್ಕೆಂದು ತೂರಿಸಿದೆ ಎಂದು ನನ್ನ ನೆನಪು. “ಯಾವ ಪ್ರಯೋಗಾರೀ? ಗಾಬರ್‍ಯಾಗಿ ನಮ್ಮ ಡಬ್ಬಿ ಅಂತ ತಿಳದಿದ್ರಿ” ಎನ್ನುತ್ತಾಳೆ ಹೆಂಡತಿ. ಈಗ ನನಗೂ ಅನುಮಾನ. ಅಂತೂ ಕೀಲಿ ಸಂಕೋಚವಿಲ್ಲದೆ ತೆರೆದುಕೊಂಡಿತು. ಕಾರ್ಡ್ ಇತ್ತು. ಮರುದಿನ ಶಬಾನಾ ಇಂಟರ್‌ವ್ಯೂದಲ್ಲಿ ಕೂತಳು.

ಗುಟ್ಟು ಇಷ್ಟೆ: ಊರು ಬಿಟ್ಟ ಅವಸರದಲ್ಲಿ ಓಣಿಗೆ ಓಣಿಯೇ ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯ ಕೀಲಿಗಳನ್ನು ಕೊಂಡಿತ್ತು. ಎಲ್ಲರ ಕೀಲಿಕೈಯೂ ಎಲ್ಲರ ಡಬ್ಬಿಗೆ ಸಲ್ಲುತ್ತದೆ! ನಾವೋ, ಅವನ್ನು ಉಂಗುರಕ್ಕೆ ಪೋಣಿಸಿ ತಿಜೋರಿಯವೆಂಬಂತೆ ಕಾಪಾಡಿಕೊಂಡು ಬಂದಿದ್ದೆವು.

ಸುದ್ದಿ ತಿಳಿದು, ನಿವೃತ್ತ ಹೆಡ್‌ಮಾಸ್ತರ್ ಪಾಟೀಲರು ಓಣಿಯನ್ನೆಲ್ಲ ಸೇರಿಸಿದರು.

“ಎಲ್ಲಾರೂ ದೊಡ್ಡ ಕೀಲಿ ಹಾಕ್ರಿ. ಮೊದಲ ನೀವ ಹಾಕ್ರಿ ಸರ, ಮಂದಿ ಡಬ್ಬಿ ತಗದವ್ರು ನೀವ.”

“ನಾ ಹಾಕೂದಿಲ್ಲರಿ. ತಗಡ ಕತ್ತರಿಸಾಂವಗ ಕೀಲಿ ಎಷ್ಟ ದೊಡ್ಡದಿದ್ರೇನು?”

ಕೀಲಿ ಕಳ್ಳನಿಗಾಗಿ ಅಲ್ಲ ಎಂಬುದು ನನ್ನ ವಾದ. ಇದು ಇನ್ನೊಬ್ಬರದು ಎಂದು ಒಳ್ಳೆಯವರಿಗೆ ನೆನಪಿಸಿದರೆ ಅದರ ಕೆಲಸ ಮುಗಿಯಿತು. ಅಷ್ಟಕ್ಕೆ ಶೇಂಗಾಕಾಯಿಯಷ್ಟು ಕಬ್ಬಿಣ ಸಾಕು.

ಪಾಟೀಲರು ಹುಸೇನಸಾಬರತ್ತ ತಿರುಗಿದರು. ಅವರು ಗಡ್ಡ ನೀವಿಕೊಂಡು ಹೇಳಿದರು: “ಮಗಳ ನೌಕರಿ ಆರ್ಡರ್ ಇನ್ನೂ ಬರೂದೈತ್ರಿ. ಅಲ್ಲೀತನಾ ಹಿಂಗ ಇರ್ಲಿ.”

ಈಗ ನಮ್ಮ ಓಣಿಯಲ್ಲಿ ಅಂಚೆಯವನು ಬಂದುಹೋದೊಡನೆ ಹುಸೇನಸಾಬರ ಡಬ್ಬಿಯ ಮುಂದೆ ಯಾರಾದರೊಬ್ಬರು ನಿಂತಿರುತ್ತಾರೆ. ನಿನ್ನೆ ಪಾಟೀಲರೇ ನಿಂತಿದ್ದರು, ಕೈಯಲ್ಲಿ ತಮ್ಮ ಕೀಲಿಕೈ.